ಸಭೆ ಬೇರೆ ಅಂತ ಮಾತೂ ಬಿಡಬೇಕಾ?

ಚುನಾವಣೆ ಬಂತು ಅಂದ್ರೆ ದಾವಣಗೆರೆಯ ನಮ್ಮ ಕ್ರೈಸ್ತರ ನಡುವೆಯೂ ಮುಖ ತಿರುಗಿಸಿಕೊಳ್ಳುವವರು ಜಾಸ್ತಿಯಾಗುತ್ತಾರೆ. ಮೊದಲೇ ಕ್ಯಾಥೊಲಿಕ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಪೆಂತೆಕೋಸ್ತು ಅಂತ ಒಬ್ಬೊಬ್ಬರದು ಒಂದೊಂದು ಸಭೆ, ಅಂದ್ರೆ ಒಂದೊಂದು ಚರ್ಚಿನ ಪಂಗಡ. ಅದರ ಮೇಲೆ ಪಕ್ಷದ ಜಗಳ ಬೇರೆ. ನೋಡಿದರೆ ಸಂಕಟವಾಗುತ್ತದೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳವರು ಸೇರಿ ಸಿಎಸ್‌ಐ ಆಯಿತು. ಅದು ಸುಮ್ನೆ ಆದದ್ದಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ. ಬಿಷಪ್ಪರ ಅಧಿಕಾರ ಎಷ್ಟಿರಬೇಕು ಅನ್ನೋದಕ್ಕೇ ವರ್ಷಗಟ್ಟಲೆ ವಾದ ಮಾಡಿದರು. ಆದರೂ ಮಾತು ಮುರಿಯಲು ಬಿಡಲಿಲ್ಲ. ನಾವು ಒಂದು ಮೆಸೇಜಿಗೆ ಗ್ರೂಪ್ ಬಿಡುತ್ತೇವೆ, ಅಲ್ವಾ?

ಮೊನ್ನೆ ನಮ್ಮ ಬೀದಿಯ ಕ್ಯಾಥೊಲಿಕ್ ಅಜ್ಜಿಯೊಬ್ಬರು ತೀರಿಕೊಂಡರು. ಸಂಜೆಯ ಪ್ರಾರ್ಥನೆಗೆ ಪೆಂತೆಕೋಸ್ತು ಸಭೆಯ ಅಕ್ಕನೂ ಬಂದಿದ್ದರು. ಜಪಮಾಲೆ ಅವರು ಹಿಡಿಯುವವರಲ್ಲ. ಬಾಗಿಲ ಪಕ್ಕ ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಬಂದಾಗ ಅವರ ದನಿಯೂ ಸೇರಿತು. ಆಮೇಲೆ ಅಡುಗೆಮನೆಗೆ ಹೋಗಿ ಬಂದವರಿಗೆಲ್ಲ ಟೀ ಸೋಸಿ ಕೊಟ್ಟರು. ಅಜ್ಜಿಯ ಮಗನಿಗೂ ಅವರಿಗೂ ಪಕ್ಷದ ವಿಷಯಕ್ಕೆ ಮಾತು ಬಿಟ್ಟು ಹೋಗಿತ್ತು. ಅವನೇ ಬಂದು, "ಅಕ್ಕಾ, ಊಟ ಮಾಡ್ಕೊಂಡೇ ಹೋಗ್ರಿ" ಅಂದ.

ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಟ್ಟಿಗೆ ಪ್ರಭುಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತಗೊಳ್ಳೋದು ಇನ್ನೂ ಆಗಿಲ್ಲ. ಅದು ದೊಡ್ಡವರು ಕೂತು ಬಗೆಹರಿಸಬೇಕಾದ ವಿಷಯ. ಆದರೆ ಒಟ್ಟಿಗೆ ಪ್ರಾರ್ಥನೆ ಮಾಡೋದಕ್ಕೆ ಯಾರ ಅಡ್ಡಿಯೂ ಇಲ್ಲ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ. ಅದರಲ್ಲಿ ಒಂದು ಸಂಜೆ ಎಲ್ಲ ಸಭೆಯವರೂ ಸೇರೋಣ ಅಂತ ನನ್ನ ಆಸೆ. ಯಾರ್ಯಾರು ಬರ್ತೀರಿ, ಹೇಳಿ.