ಚಿತ್ರ ಬರೆಸುವವರು ಬಾಯಿ ಬಿಡಬೇಕಾದ ಕಡೆ

ನಿಯತಕಾಲಿಕವೊಂದರ ಪ್ರಬಂಧ ವಿಭಾಗ ನನ್ನದು. ಪ್ರತಿ ಸಂಚಿಕೆಗೂ ಹೊರಗಿನ ಕಲಾವಿದರೊಬ್ಬರನ್ನು ಅತಿಥಿಯಾಗಿ ಕರೆದು ಚಿತ್ರ ಬರೆಸುವುದೂ ಇದೇ ಕೆಲಸದೊಳಗೆ ಸೇರಿದೆ. ಹೊಸದಾಗಿ ಈ ಕುರ್ಚಿಗೆ ಬರುವವರು ಕಳಿಸುವ ಆಹ್ವಾನ ಪತ್ರಗಳನ್ನು ನೋಡಿದ್ದೇನೆ. ಎಡಗಡೆ ಮರ, ಬಲಗಡೆ ಮುದುಕ, ಹಿನ್ನೆಲೆಯಲ್ಲಿ ಸೂರ್ಯಾಸ್ತ ಎಂದೆಲ್ಲ ವಿವರವಾಗಿ ಬರೆದಿರುತ್ತಾರೆ. ಸಂಭಾವನೆ ಎಷ್ಟು, ಯಾವಾಗ ಎಂಬ ಸುದ್ದಿಯೇ ಇರುವುದಿಲ್ಲ. ನನ್ನ ಮಟ್ಟಿಗೆ ಇದು ಪೂರ್ತಿ ತಲೆಕೆಳಗು.

ಒಮ್ಮೆ ರಾತ್ರಿ ಪಾಳಿಯ ಬದುಕಿನ ಬಗ್ಗೆ ಒಂದು ಪ್ರಬಂಧ ಬಂದಿತ್ತು. ನಾನೇ ಸೂಚನೆ ಕೊಟ್ಟಿದ್ದರೆ ಚಂದ್ರ, ಖಾಲಿ ರಸ್ತೆ, ದೀಪ ಉರಿಯುವ ಕಿಟಕಿ ಎಂದಿರುತ್ತಿದ್ದೆ. ಕಲಾವಿದೆಗೆ ಪ್ರಬಂಧವನ್ನಷ್ಟೇ ಕಳಿಸಿದೆ, ಸಾರಾಂಶವನ್ನಲ್ಲ. ಅವರು ಬರೆದದ್ದು ನಡುಹಗಲನ್ನು. ಮಲಗುವ ಕೋಣೆಯ ಪರದೆಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಸೇರಿಸಿ ಬಿಗಿದಿದ್ದಾರೆ. ಎರಡು ಕ್ಲಿಪ್ಪುಗಳ ನಡುವಿನ ಸಂದಿಯಿಂದ ನುಗ್ಗಿದ ಬಿಸಿಲು ಮಲಗಿದವನ ಕಣ್ಣಿನ ಮೇಲೇ ಗೆರೆ ಎಳೆದಿದೆ. ಪ್ರಬಂಧದಲ್ಲಿ ಹಗಲುನಿದ್ದೆಯ ಪ್ರಸ್ತಾಪ ಇದ್ದದ್ದು ಒಂದೇ ಒಂದು ವಾಕ್ಯದಲ್ಲಿ. ಲೇಖಕರೇ ಅದನ್ನು ಮರೆತಿದ್ದರು. ಇಂಥ ಓದು ಬೇಕೆಂದೇ ಅಲ್ಲವೇ ಅತಿಥಿಯನ್ನು ಕರೆಯುವುದು? ನಮ್ಮ ತಲೆಯಲ್ಲಿರುವುದನ್ನೇ ಇನ್ನೊಬ್ಬರ ಕೈಯಿಂದ ಬರೆಸುವುದಾದರೆ ಕರೆಯುವ ಅಗತ್ಯವಿಲ್ಲ. ಮತ್ತೊಬ್ಬ ಕಲಾವಿದರ ಹೆಸರು ಹೇಳಿ ‘ಅವರ ಶೈಲಿಯಲ್ಲಿ ಮಾಡಿಕೊಡಿ’ ಎನ್ನುವುದಂತೂ ಮರ್ಯಾದೆಗೇಡು, ಅವರನ್ನೇ ಕೇಳಬಹುದಲ್ಲ!

ಬಾಯಿ ಬಿಡಬೇಕಾದ ಕಡೆ ಮಾತ್ರ ಸಂಕೋಚ ಕೂಡದು. ಮುದ್ರಣಕ್ಕಾದರೆ ಇಂಚಿಗೆ 300 ಚುಕ್ಕಿ, ಅಂದರೆ ಪೂರ್ಣ ಎ4 ಪುಟಕ್ಕೆ ಸುಮಾರು 2480 × 3508 ಪಿಕ್ಸೆಲ್. ಪುಟದ ಅಂಚಿನವರೆಗೂ ಚಿತ್ರ ಹರಡುವುದಾದರೆ ಕತ್ತರಿಸಲೆಂದು ಸುತ್ತಲೂ ಸಾಮಾನ್ಯವಾಗಿ 3 ಮಿ.ಮೀ. ಹೆಚ್ಚುವರಿ ಬಿಡಬೇಕು. ಕಂಪ್ಯೂಟರ್ ಪರದೆಯ ಮೇಲೆ ಮಿನುಗುವ ಕಡುಹಸಿರು, ನೀಲಿಗಳು ನಾಲ್ಕು ಶಾಯಿಗಳ ಮುದ್ರಣದಲ್ಲಿ ಮಂಕಾಗುತ್ತವೆ. ಇದನ್ನು ಬಣ್ಣ ತುಂಬುವ ಮೊದಲೇ ಹೇಳಬೇಕು. ಶೀರ್ಷಿಕೆ ಎಲ್ಲಿ ಕೂರುತ್ತದೆ ಎಂಬುದನ್ನೂ ಅಷ್ಟೇ. ಚಿತ್ರದ ಮುಖದ ಮೇಲೆ ಅಕ್ಷರ ಕೂರಿಸುವ ಪುಟವಿನ್ಯಾಸಕರಿಗೆ ಕೊರತೆಯಿಲ್ಲ.

ತಿದ್ದುಪಡಿಗೆ ಜಾಗ ಪೆನ್ಸಿಲ್ ಕರಡಿನಲ್ಲಿ. ಅಲ್ಲಿ ಕೈಯನ್ನು ಎತ್ತಿಸಬಹುದು, ಇಡೀ ಯೋಚನೆಯನ್ನೇ ಬೇಡವೆನ್ನಬಹುದು. ಬಣ್ಣ ತುಂಬಿ ಬಂದ ಮೇಲೆ ‘ಇನ್ನೂ ಸ್ವಲ್ಪ ಏನೋ ಬೇಕಿತ್ತು’ ಎನ್ನುವ ಸಂಪಾದಕರಿಗೆ ಏನು ಬೇಕೆಂಬುದು ಅವರಿಗೇ ಗೊತ್ತಿರುವುದಿಲ್ಲ. ನಾನು ಎಲ್ಲ ಆಕ್ಷೇಪಗಳನ್ನೂ ಕೂಡಿಸಿ ಒಂದೇ ಪತ್ರದಲ್ಲಿ ಬರೆಯುತ್ತೇನೆ. ಲೇಖಕರು, ವಿನ್ಯಾಸಕರು, ನಾನು ಮೂವರೂ ಬೇರೆ ಬೇರೆಯಾಗಿ ಬರೆದರೆ ಕಲಾವಿದರು ಯಾರ ಮಾತು ಕೇಳಬೇಕು? ಪ್ರಬಂಧವೇ ಕೈಬಿಟ್ಟುಹೋದರೂ ಅಲ್ಲಿಯವರೆಗಿನ ಕೆಲಸಕ್ಕೆ ಸಂಭಾವನೆಯ ಒಂದು ಪಾಲು ಸಲ್ಲುತ್ತದೆ ಎಂದು ಮೊದಲ ಪತ್ರದಲ್ಲೇ ಬರೆದಿರುತ್ತೇನೆ.

ಹಕ್ಕಿನ ವಿಷಯವನ್ನೂ ಅಲ್ಲಿಯೇ ಬಿಡಿಸಿ ಹೇಳುವುದು ಒಳ್ಳೆಯದು: ಈ ಸಂಚಿಕೆಗೆ ಮಾತ್ರವೇ, ಮುಂದೆ ಪುಸ್ತಕಕ್ಕೂ ಬಳಸುತ್ತೇವೆಯೇ, ಮೂಲಚಿತ್ರ ಯಾರ ಬಳಿ ಉಳಿಯುತ್ತದೆ. ಹಣ ಕೊಟ್ಟ ಮಾತ್ರಕ್ಕೆ ಎಲ್ಲವೂ ನಮ್ಮದಾಯಿತೆಂದು ಭಾವಿಸುವವರು ಬಹಳ. ಕೃತಿಕಾರನೆಂದು ಗುರುತಿಸಿಕೊಳ್ಳುವ ಹಕ್ಕು, ಹೆಸರಿಗೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕು, ಈ ಎರಡೂ ಕೃತಿಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ 1928ರಲ್ಲಿ ರೋಮ್‌ನಲ್ಲಿ ಸೇರಿದವು. ಆರ್ಥಿಕ ಹಕ್ಕು ಕೈಬದಲಾದ ಮೇಲೂ ಇವು ಕೃತಿಕಾರರಿಗೇ ಉಳಿಯುತ್ತವೆ ಎನ್ನುತ್ತದೆ ಆ ಒಪ್ಪಂದ. ಹಾಗಾಗಿ ಜಾಗ ಸಾಲದೆ ಚಿತ್ರದ ಅಂಚು ಕತ್ತರಿಸಬೇಕಾದಾಗ ನಾನು ಕಲಾವಿದರಿಗೆ ಕರೆ ಮಾಡುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ, ಕೆಲವರು ಆ ಅಳತೆಗೆ ತಾವೇ ಹೊಂದಿಸಿ ಕೊಡುತ್ತಾರೆ.

ಹೆಸರು ಚಿತ್ರದ ಪಕ್ಕದಲ್ಲೇ, ಓದಲು ಬರುವ ಗಾತ್ರದಲ್ಲಿ. ಹಣ ಚಿತ್ರ ಕೈಸೇರಿದಾಗ, ಸಂಚಿಕೆ ಹೊರಬಂದಾಗಲ್ಲ.