ಪಿಟ್ಠು ಬಿಚ್ಚಿದ ದಿನ

ನವೆಂಬರ್ 3, 2024, ಭಾನುವಾರ
ನಾಪೋಕ್ಲು, ಕೊಡಗು

ಬೆಳಿಗ್ಗೆಯಿಂದ ಮಂಜು. ಹತ್ತು ಗಂಟೆಯಾದರೂ ಕಣದ ಆಚೆಯ ಸಿಲ್ವರ್ ಮರಗಳು ಕಾಣಿಸಲಿಲ್ಲ. ವಿಯೆಟ್ನಾಂನ ಹನೋಯಿಯಿಂದ ಬಂದು ಐದು ದಿನವಾದರೂ ಜಗಲಿಯ ಮೂಲೆಯಲ್ಲೇ ಬಿದ್ದಿದ್ದ ಚೀಲವನ್ನು ಅವ್ವನ ಗೊಣಗಾಟ ತಾಳಲಾರದೆ ಇಂದು ಬಿಚ್ಚಿದೆ. ಒಗೆಯದ ಬಟ್ಟೆ, ನೆನೆದು ಒಣಗಿದ ನಕ್ಷೆ, ಅಲ್ಯೂಮಿನಿಯಂನ ಎರಡು ಪುಟ್ಟ ಕಾಫಿ ಫಿಲ್ಟರ್. ಜೊತೆಗೆ, ಸುಬೇದಾರ ಹಟ ಹಿಡಿದು ಕೊಂಡು ನನ್ನ ಚೀಲದ ಬೆನ್ನಿಗೆ ಬಿಗಿದಿದ್ದ ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲು. ಹನೋಯಿಯ ಫುಟ್‌ಪಾತಿನಲ್ಲಿ ಇಡೀ ಊರು ಇಂಥ ಸ್ಟೂಲುಗಳ ಮೇಲೆ ಕೂತು ಉಣ್ಣುತ್ತದೆ. ಅವ್ವ ಅದನ್ನು ತಿರುಗಿಸಿ ನೋಡಿ, ಹಾಲು ಕರೆಯಲು ಆಗುತ್ತದೆ ಎಂದು ಕೊಟ್ಟಿಗೆಗೆ ಒಯ್ದರು.

ಸುಬೇದಾರ ಎಂದರೆ ನನ್ನ ಶಾಲೆಯ ಗೆಳೆಯ. ಸೇನೆಯಿಂದ ನಿವೃತ್ತನಾಗಿ ಬಂದ ಮೇಲೆ ಊರಿನಲ್ಲಿ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ. ಬೆನ್ನಿಗೆ ಹಾಕುವ ಚೀಲಕ್ಕೆ ಅವನು ‘ಪಿಟ್ಠು’ ಎಂದೇ ಹೇಳುವುದು. ಭಾರದ ಸಾಮಾನು ಬೆನ್ನಿಗೆ ತಾಗುವಂತೆ ಒಳಗೆ, ಮಳೆಯಂಗಿ ಎಲ್ಲಕ್ಕಿಂತ ಮೇಲೆ, ಒಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬೇರೆ. ಐವತ್ತು ದಾಟಿದ ನಾವಿಬ್ಬರು ಮಹಡಿ ಮಂಚಗಳ ಡಾರ್ಮಿಟರಿಯಲ್ಲಿ, ನಮ್ಮ ಮಕ್ಕಳ ವಯಸ್ಸಿನವರ ನಡುವೆ ಏಳು ರಾತ್ರಿ ಮಲಗಿ ಬಂದೆವು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೊದಿಕೆಯನ್ನು ಚೌಕವಾಗಿ ಮಡಿಸಿಡುವ ಇವನನ್ನು ಆ ಹುಡುಗರು ಭಯಭಕ್ತಿಯಿಂದಲೇ ನೋಡುತ್ತಿದ್ದರು.

ತಲುಪಿದ ದಿನ ಸೋಮವಾರ. ಅವನಿಗೆ ಮೊದಲು ಹೊ ಚಿ ಮಿನ್ ಸಮಾಧಿಯನ್ನೇ ನೋಡಬೇಕಿತ್ತು. ಸೋಮವಾರ ಅದಕ್ಕೆ ರಜೆ. ಹೊರಗೆ ನಿಂತ ಕಾವಲಿನವರ ಬೂಟಿನ ಹೊಳಪು ನೋಡಿ ತಲೆಯಾಡಿಸಿ ಸಮಾಧಾನ ಮಾಡಿಕೊಂಡ.

ರಸ್ತೆ ದಾಟುವುದನ್ನು ಕಲಿಯಲು ಒಂದು ದಿನ ಹಿಡಿಯಿತು. ಸ್ಕೂಟರುಗಳು ನಿಲ್ಲುವುದೇ ಇಲ್ಲ, ಹೊಳೆಯಂತೆ ಬರುತ್ತಲೇ ಇರುತ್ತವೆ. ನಿಲ್ಲದೆ, ಓಡದೆ, ಹಿಂದೆ ಸರಿಯದೆ ಒಂದೇ ವೇಗದಲ್ಲಿ ನಡೆದರೆ ಅವೇ ಅಕ್ಕಪಕ್ಕ ಸೀಳಿಕೊಂಡು ಹೋಗುತ್ತವೆ. ತೋಟದಲ್ಲಿ ಆನೆ ಎದುರಾದರೆ ಏನು ಮಾಡಬೇಕೆಂದು ಬಲ್ಲ ನಾನು ಅಲ್ಲಿ ಒಬ್ಬ ಮುದುಕಿಯ ಬುಟ್ಟಿಯ ಮರೆಯಲ್ಲಿ ದಾಟಿದೆ.

ಹಳೆಯ ಪೇಟೆಯ ಬೀದಿಗಳಿಗೆ ಅಲ್ಲಿ ಮಾರುತ್ತಿದ್ದ ಸರಕಿನದೇ ಹೆಸರು. ಹಾಂಗ್ ಬಾಕ್ ಬೆಳ್ಳಿಯ ಬೀದಿ; ಇಂದಿಗೂ ಅಕ್ಕಸಾಲಿಗರಿದ್ದಾರೆ. ಹಾಂಗ್ ಮಾ ಬೀದಿಯಲ್ಲಿ ಪಿತೃಗಳಿಗೆಂದು ಸುಡುವ ಕಾಗದದ ಸಾಮಾನು: ಕಾಗದದ ಅಂಗಿ, ಕಾಗದದ ಕಾರು, ಕಾಗದದ ಮೊಬೈಲ್, ಕಂತೆ ಕಂತೆ ಕಾಗದದ ಡಾಲರು. ಸುಬೇದಾರ ಅಲ್ಲಿ ಅರ್ಧ ಗಂಟೆ ನಿಂತ. “ನಾವು ಕಾರಣರಿಗೆ ಕೋಳಿ, ಸಾರಾಯಿ ಇಟ್ಟು ಸುಮ್ಮನಾಗುತ್ತೇವೆ. ಇವರ ಅಜ್ಜಂದಿರು ಮೊಬೈಲ್ ಕೇಳುತ್ತಾರೆ ನೋಡು ಮಾರಾಯ” ಎಂದ.

ಅದೇ ಬೀದಿಯ ತುದಿಯಲ್ಲಿ ನನ್ನ ಮಾನ ಹೋಗುವುದರಲ್ಲಿತ್ತು. ಅಲ್ಲಿನ 20,000 ಡಾಂಗ್ ನೋಟೂ ನೀಲಿ, 5,00,000ದ ನೋಟೂ ನೀಲಿ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಲೆಕ್ಕ ಹಾಕುತ್ತಲೇ ಬಾಳೆಹಣ್ಣಿನವಳಿಗೆ ದೊಡ್ಡ ನೋಟು ಕೊಟ್ಟು ನಡೆದೆ. ಆಕೆ ಬುಟ್ಟಿ ಬಿಟ್ಟು ಓಡಿಬಂದು, ನನ್ನ ಪರ್ಸನ್ನು ತಾನೇ ತೆರೆದು, ಸರಿಯಾದ ನೋಟು ತೆಗೆದುಕೊಂಡು, ತಪ್ಪಾದದ್ದನ್ನು ಒಳಗಿಟ್ಟು ಗದರಿಸಿ ಹೋದಳು. ಭಾಷೆ ಬಾರದಿದ್ದರೂ ಬೈಗುಳ ಪೂರ್ತಿ ಅರ್ಥವಾಯಿತು.

ಊಟದ ವಿಷಯಕ್ಕೆ ನಾವು ಪುಣ್ಯವಂತರು. ಬುನ್ ಚಾ ಎಂದರೆ ಕೆಂಡದಲ್ಲಿ ಸುಟ್ಟ ಹಂದಿಮಾಂಸ, ಪಕ್ಕದಲ್ಲಿ ಅಕ್ಕಿಯ ಶ್ಯಾವಿಗೆ. ನಮ್ಮ ಅಕ್ಕಿ ಶ್ಯಾವಿಗೆ ನೂಪುಟ್ಟಿನ ತಂಗಿ ಎಂದೇ ಹೇಳಬೇಕು. ಸುಬೇದಾರ ಪಿಟ್ಠುವಿನ ಒಳಜೇಬಿನಿಂದ ನಮ್ಮ ಕಡೆಯ ಕಪ್ಪು ಹುಳಿರಸ ಕಾಚಂಪುಳಿಯ ಪುಟ್ಟ ಸೀಸೆ ತೆಗೆದು ಅವರ ಬಟ್ಟಲಿಗೆ ನಾಲ್ಕು ಹನಿ ಬಿಟ್ಟ. ಅಂಗಡಿಯವನೂ ಬೆರಳದ್ದಿ ನೆಕ್ಕಿ ನೋಡಿ, ಮತ್ತೆ ಬೆರಳು ಚಾಚಿದ.

ಹೊವಾನ್ ಕಿಯೆಮ್ ಕೆರೆಯ ಕಥೆ ಎಲ್ಲರೂ ಹೇಳುತ್ತಾರೆ. ಹದಿನೈದನೆಯ ಶತಮಾನದ ರಾಜ ಲೆ ಲೊಯ್ ಶತ್ರುವನ್ನು ಓಡಿಸಿದ ಮೇಲೆ ದೇವರ ಕತ್ತಿಯನ್ನು ಈ ಕೆರೆಯ ಆಮೆಗೆ ಹಿಂದಿರುಗಿಸಿದನಂತೆ. ಕೆರೆಯಲ್ಲಿದ್ದ ಕೊನೆಯ ದೈತ್ಯ ಆಮೆ 2016ರ ಜನವರಿಯಲ್ಲಿ ಸತ್ತಿತು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ. “ನಮ್ಮವರಾಗಿದ್ದರೆ ಕತ್ತಿ ಹಿಂದಿರುಗಿಸುತ್ತಿರಲಿಲ್ಲ. ಮುಂದಿನ ಕೈಲ್‌ಪೊಳ್ದಿನ ಆಯುಧಪೂಜೆಗೆ ಬೇಕಲ್ಲ” ಎಂಬುದು ಸುಬೇದಾರನ ತೀರ್ಪು. 1070ರಲ್ಲಿ ಕಟ್ಟಿದ ಸಾಹಿತ್ಯ ದೇಗುಲದಲ್ಲೂ ಆಮೆಗಳೇ. 82 ಕಲ್ಲಾಮೆಗಳ ಬೆನ್ನ ಮೇಲೆ ರಾಜಪರೀಕ್ಷೆಯಲ್ಲಿ ಗೆದ್ದವರ ಹೆಸರುಗಳನ್ನು ಕೆತ್ತಿದ ಶಾಸನಗಳಿವೆ. ನನಗೆ ಮಡಿಕೇರಿ ಕೋಟೆಯ ಗಾರೆಯ ಆನೆಗಳು ನೆನಪಾದವು. ಅವುಗಳ ಮೇಲೆ ಯಾರ ಹೆಸರೂ ಇಲ್ಲದಿರುವುದೇ ನನಗೆ ಹೆಚ್ಚು ಇಷ್ಟ.

ಲಾಂಗ್ ಬಿಯೆನ್ ಸೇತುವೆಯ ಮೇಲೆ ಮಾತ್ರ ಸುಬೇದಾರ ಮಾತಾಡಲಿಲ್ಲ. ಫ್ರೆಂಚರು 1899ರಿಂದ 1902ರವರೆಗೆ ಕಟ್ಟಿದ್ದು, ಅಮೆರಿಕದ ಬಾಂಬುಗಳು ಬಗ್ಗಿಸಿದ್ದು. ಕಮಾನುಗಳು ಕೆಲವು ಕಡೆ ಇವೆ, ಕೆಲವು ಕಡೆ ಇಲ್ಲ. ನಡುವೆ ರೈಲು, ಎರಡು ಬದಿಗೆ ಸ್ಕೂಟರು. ದೇಶವೆಲ್ಲ ಬಲಬದಿಯಲ್ಲಿ ಓಡಿದರೂ ಈ ಸೇತುವೆಯ ಮೇಲೆ ಮಾತ್ರ ಎಡಬದಿ, ನಮ್ಮಂತೆ. ಕೆಳಗಿನ ನಡುಗಡ್ಡೆಯ ಬಾಳೆತೋಟದಲ್ಲಿ ಒಣಗಿದ ಕೆಸರು ಇನ್ನೂ ಎಲೆಗಳಿಗೆ ಅಂಟಿತ್ತು. ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಬಂದಾಗ ಕೆಂಪುನದಿ ಉಕ್ಕಿ ಸೇತುವೆಯನ್ನೇ ಮುಚ್ಚಬೇಕಾಗಿತ್ತು. ಊರೊಳಗೂ ಬಿದ್ದ ಮರಗಳನ್ನು ಮತ್ತೆ ನೆಟ್ಟು, ಸುತ್ತ ಕಂಬಗಳ ಊರುಗೋಲು ಕೊಟ್ಟು ನಿಲ್ಲಿಸಿದ್ದರು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದಾಗ ಮರಗಳು ನಿಂತಂತೆಯೇ ಜಾರಿ ಬಂದದ್ದನ್ನು ನಾವಿಬ್ಬರೂ ನೋಡಿದವರು. ಅದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇನ್ನು ಕಾಫಿ. ಮೊಟ್ಟೆ ಕಾಫಿ ಕುಡಿದೆವು; 1946ರಲ್ಲಿ ಹಾಲು ಸಿಗದ ಕಾಲದಲ್ಲಿ ಹೋಟೆಲ್ ನೌಕರನೊಬ್ಬ ಮೊಟ್ಟೆಯ ಹಳದಿಯನ್ನು ಕಡೆದು ನೊರೆ ಮಾಡಿ ಸೇರಿಸಿದ್ದಂತೆ. ಸಿಹಿ ತಿಂಡಿ ಎಂದುಕೊಂಡರೆ ಚೆನ್ನಾಗಿದೆ, ಕಾಫಿ ಎಂದರೆ ಒಪ್ಪಲಾರೆ. ಆದರೆ ನಾನು ಹೇಳಬೇಕೆಂದಿರುವುದು ಬೀಜದ ಅಂಗಡಿಯ ಬಗ್ಗೆ.

ವಿಯೆಟ್ನಾಂ ಎಂಬ ಹೆಸರನ್ನು ನಮ್ಮ ಕಡೆ ಯಾರೂ ಒಳ್ಳೆಯ ಬಾಯಲ್ಲಿ ಹೇಳಿದ್ದಿಲ್ಲ. ಕಾಳುಮೆಣಸಿನಲ್ಲಿ ಜಗತ್ತಿಗೇ ಮೊದಲು ಅವರು, ರೊಬಸ್ಟಾ ಕಾಫಿಯಲ್ಲೂ ಅವರೇ. ಅವರ ಮೆಣಸು ಶ್ರೀಲಂಕಾ ಸುತ್ತಿ ಒಳಗೆ ಬರುತ್ತಿದೆ ಎಂದು ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟು ಸಭೆ, ಎಷ್ಟು ಮನವಿ! 2017ರ ಡಿಸೆಂಬರ್‌ನಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ ಸುದ್ದಿ ಬಂದಾಗ ಸುಬೇದಾರನ ಮನೆಯಲ್ಲಿ ಹಂದಿ ಕರಿ ಮಾಡಿದ್ದರು.

ಅಂಗಡಿಯಾಕೆಗೆ ನಮ್ಮದೇ ವಯಸ್ಸು. ಡಬ್ಬಿ ತೆರೆದು ಅಂಗೈಗೆ ಬೀಜ ಸುರಿದಳು. ಎಣ್ಣೆ ಜಿನುಗುವ ಕಪ್ಪು ಬೀಜ. ಹುರಿಯುವಾಗ ಬೆಣ್ಣೆ, ಸಕ್ಕರೆ ಹಾಕುತ್ತಾರೆ. ಒಂದನ್ನು ಕಚ್ಚಿದೆ. ಮೊದಲು ಸುಟ್ಟ ಸಕ್ಕರೆ, ಆಮೇಲೆ ಬೆಣ್ಣೆ, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ನಮ್ಮ ಕಣದಲ್ಲಿ ಬೆಳೆದ ಬಾಲ್ಯದ ಕಹಿ. ಮೊಬೈಲಿನಲ್ಲಿ ನಮ್ಮ ತೋಟದ ಚಿತ್ರ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿ, ಅನುವಾದದ ಆ್ಯಪ್‌ಗೆ ಏನೋ ಹೇಳಿದಳು. “ಇದು ಕಾಡು. ಕಾಫಿ ಎಲ್ಲಿದೆ?” ಎಂದಿತು ಮೊಬೈಲು. ಮರಗಳ ನೆರಳಲ್ಲಿ ಗಿಡಗಳಿವೆ, ಮರಗಳಿಗೆ ಹಬ್ಬಿದ್ದು ಮೆಣಸು ಎಂದು ವಿವರಿಸಲು ನನಗೆ ಹತ್ತು ನಿಮಿಷ ಬೇಕಾಯಿತು.

ಆಮೇಲೆ ಆಕೆ ತನ್ನ ಅಣ್ಣನ ತೋಟ ತೋರಿಸಿದಳು. ಡಾಕ್ ಲಾಕ್ ಪ್ರಾಂತ್ಯ, ಮಧ್ಯದ ಎತ್ತರದ ಸೀಮೆ. ಸಾಲು ಸಾಲು ಗಿಡ, ಮೇಲೆ ಒಂದು ರೆಂಬೆಯ ನೆರಳೂ ಇಲ್ಲ, ಮೆಣಸು ಹಬ್ಬಿದ್ದು ಕಂಬಗಳಿಗೆ. ಮುಂದಿನ ಚಿತ್ರ ಏಪ್ರಿಲ್‌ನದು. ಎಲೆಗಳು ಸುರುಟಿ ಕಂದಾಗಿದ್ದವು, ಕೆರೆಯ ತಳ ಬಿರುಕು ಬಿಟ್ಟಿತ್ತು, ಪೈಪು ಹಿಡಿದ ಒಬ್ಬ ಮನುಷ್ಯ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿದ್ದ. ಅರ್ಧ ತೋಟ ಕಡಿದು ಡುರಿಯನ್ ಹಣ್ಣಿನ ಗಿಡ ಹಾಕಿದ್ದಾನೆ ಎಂದಳು.

ಕಾಫಿಯ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಅಪ್ಪ ಹಾಗೆಯೇ ನಿಲ್ಲುತ್ತಿದ್ದರು, ಯಾರಿಗೂ ಮುಖ ಕೊಡದೆ.

ಈ ವರ್ಷ ನಮ್ಮ ರೊಬಸ್ಟಾ ಚೆರಿಗೆ ಎರಡು ವರ್ಷದ ಹಿಂದಿನ ದುಪ್ಪಟ್ಟಿಗಿಂತಲೂ ಹೆಚ್ಚು ಬೆಲೆ ಬಂತು. ಅಲ್ಲಿ ಬರ ಬಿದ್ದು ಫಸಲು ಕಡಿಮೆಯಾದದ್ದೂ ಅದಕ್ಕೊಂದು ಕಾರಣ ಎಂದು ಮಂಡಿಯವರೇ ಹೇಳಿದ್ದರು. ಆ ಹಣದಲ್ಲೇ ನಾವು ಟಿಕೆಟ್ ತೆಗೆದದ್ದು. ಪೈಪು ಹಿಡಿದವನ ತಂಗಿಯ ಮುಂದೆ ನಿಂತು ಆಕೆಯದೇ ಬೀಜಕ್ಕೆ ಚೌಕಾಶಿ ಮಾಡುವುದು ನನ್ನಿಂದಾಗಲಿಲ್ಲ, ಕೇಳಿದಷ್ಟು ಕೊಟ್ಟೆ. ಸುಬೇದಾರ ಮಾತ್ರ ನಾಚಿಕೆಯಿಲ್ಲದೆ ಚೌಕಾಶಿ ಮಾಡಿ ಎರಡು ಫಿಲ್ಟರನ್ನು ಒಂದರ ಬೆಲೆಗೆ ತೆಗೆದ. ಆಕೆಗೆ ಅವನೇ ಹೆಚ್ಚು ಹಿಡಿಸಿದ. ಹೊರಡುವಾಗ ನಂಬರು ಬರೆದುಕೊಂಡದ್ದೂ ಅವನದೇ.

ಮಧ್ಯಾಹ್ನ ಬಿಸಿಲು ಬಂತು. ಅವನೂ ಬಂದ, ಮೊಬೈಲು ಹಿಡಿದುಕೊಂಡು. ಅಲ್ಲಿ ಕೊಯ್ಲು ಶುರುವಾಗಿದೆ. ಅಂಗಡಿಯಾಕೆ ಚಿತ್ರ ಕಳುಹಿಸಿದ್ದಾಳೆ. ನೀಲಿ ಟಾರ್ಪಾಲಿನ ಮೇಲೆ ಕಾಫಿಯ ರಾಶಿ. ನಾನು ಆ ಪುಟ್ಟ ಫಿಲ್ಟರಿಗೆ ನಮ್ಮ ಪುಡಿಯನ್ನೇ ಹಾಕಿ, ಲೋಟದ ತಳಕ್ಕೆ ಸಿಹಿ ಹಾಲಿನ ಡಬ್ಬಿ ಬಗ್ಗಿಸಿ, ಬಿಸಿನೀರು ಹೊಯ್ದಿಟ್ಟಿದ್ದೆ. ಹನಿ ಹನಿಯಾಗಿ ಇಳಿಯುವುದನ್ನು ನೋಡಿ ಅವ್ವ, “ಇದು ಇಳಿಯುವುದರೊಳಗೆ ಇನ್ನೊಂದು ಹಸು ಕರೆಯಬಹುದು” ಎಂದು ಎದ್ದು ಹೋದರು.

ಸುಬೇದಾರ ಚಿತ್ರವನ್ನು ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿದ.

“ಹಸಿರು ಕಾಯಿಯನ್ನೂ ಸೇರಿಸಿ ಉದುರಿಸಿದ್ದಾರೆ ನೋಡು” ಎಂದ. “ಆಳು ಸಿಗುತ್ತಿಲ್ಲವೋ ಏನೋ. ಕೇಳುತ್ತೇನೆ ಇರು.”