ಮಿಂಬನ್‌ನ ಮಂಜು ಮತ್ತು ಓದುಗರ ಜಗಳ

ಅಮೆರಿಕದ ಬಾಹ್ಯಾಕಾಶ ಸಾಹಸದ ಚಿತ್ರಮಾಲೆ ಸ್ಟಾರ್ ವಾರ್ಸ್‌ನ ಕಾದಂಬರಿಗಳನ್ನು ಓದುವವರ ನಡುವೆ ಒಂದು ಪುಸ್ತಕದ ಹೆಸರೆತ್ತಿದರೆ ಸಾಕು, ಅಭಿಪ್ರಾಯ ಎರಡಾಗುತ್ತದೆ. ಅಲನ್ ಡೀನ್ ಫಾಸ್ಟರ್ ಬರೆದ, 1978ರಲ್ಲಿ ಹೊರಬಂದ ‘ಸ್ಪ್ಲಿಂಟರ್ ಆಫ್ ದ ಮೈಂಡ್ಸ್ ಐ’. ಒಂದೇ ಗುಕ್ಕಿಗೆ ಓದಿಸಿಕೊಳ್ಳುವ ಸಾಹಸ ಕತೆ ಎಂದು ಒಬ್ಬರು ಹೇಳಿದರೆ, ಇದರಲ್ಲಿರುವ ನಾಯಕ ಲ್ಯೂಕ್, ರಾಜಕುಮಾರಿ ಲೇಯಾ, ಖಳ ವೇಡರ್ ಯಾರೂ ಚಿತ್ರಗಳಿಂದ ನಮಗೆ ಗೊತ್ತಿರುವವರಲ್ಲ ಎಂದು ಇನ್ನೊಬ್ಬರು ಪುಸ್ತಕ ಮುಚ್ಚಿಡುತ್ತಾರೆ. ಇಬ್ಬರ ಮಾತಿಗೂ ಪುಸ್ತಕದಲ್ಲಿ ಆಧಾರವಿದೆ. ಆದರೆ ಈ ಕಾದಂಬರಿ ಯಾವ ಕೆಲಸಕ್ಕೆಂದು ಹುಟ್ಟಿತು ಎಂಬುದನ್ನು ಬಿಟ್ಟು ಓದಿದರೆ ಹೊಗಳಿಕೆಯೂ ತೆಗಳಿಕೆಯೂ ಗುರಿ ತಪ್ಪುತ್ತವೆ.

ನಮಗೆ ‘ಕಾದಂಬರಿ ಆಧಾರಿತ ಚಿತ್ರ’ ಚೆನ್ನಾಗಿ ಗೊತ್ತು. ತ್ರಿವೇಣಿಯವರ ‘ಶರಪಂಜರ’ ಮೊದಲು ಪುಸ್ತಕವಾಗಿ ಬಂತು, ಆಮೇಲೆ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಯಿತು. ಇಲ್ಲಿ ದಾರಿ ತಿರುವುಮುರುವು. ಮೊದಲ ಚಿತ್ರ 1977ರ ಮೇ 25ರಂದು ತೆರೆಕಂಡಿತು. ಅದರ ಚಿತ್ರಕತೆಯಿಂದ ಮಾಡಿದ ಕಾದಂಬರಿ ರೂಪ 1976ರ ಕೊನೆಯಲ್ಲೇ ಅಂಗಡಿಗೆ ಬಂದಿತ್ತು. ಮುಖಪುಟದ ಮೇಲೆ ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಸ್ ಹೆಸರಿದ್ದರೂ ಬರೆದವರು ಫಾಸ್ಟರ್. ಅವರ ಒಪ್ಪಂದ ಎರಡು ಪುಸ್ತಕಗಳಿಗೆ ಆಗಿತ್ತು. ಆ ಎರಡನೆಯದೇ ಇದು. ಚಿತ್ರ ಭಾರೀ ಯಶಸ್ಸು ಕಾಣದೆ ಸಾಧಾರಣವಾಗಿ ಓಡಿದರೆ, ಕಡಿಮೆ ಹಣದಲ್ಲಿ ಎರಡನೇ ಭಾಗ ತೆಗೆಯಲು ಒಂದು ಕತೆ ಕೈಯಲ್ಲಿರಲಿ ಎಂಬುದು ಲೆಕ್ಕಾಚಾರ. ಚಿತ್ರ ಎಲ್ಲ ಊಹೆ ಮೀರಿ ಓಡಿತು, ಆ ಅಗ್ಗದ ಎರಡನೇ ಭಾಗ ಯಾರಿಗೂ ಬೇಕಾಗಲಿಲ್ಲ. ಪುಸ್ತಕ ಮಾತ್ರ ಉಳಿಯಿತು.

ಈ ಹಿನ್ನೆಲೆ ತಿಳಿದ ಮೇಲೆ ಪುಟ ತಿರುವಿದರೆ ಪ್ರತಿ ಅಧ್ಯಾಯದಲ್ಲೂ ಖರ್ಚಿನ ಲೆಕ್ಕ ಕಾಣುತ್ತದೆ. ಕತೆ ನಡೆಯುವ ಗ್ರಹ ಮಿಂಬನ್: ಸದಾ ಮಂಜು, ಕೆಸರು, ಜೌಗು. ಮಂಜು ಮುಸುಕಿದ್ದರೆ ಹಿಂದೆ ದೊಡ್ಡ ಸೆಟ್ ಹಾಕಬೇಕಿಲ್ಲ. ಲ್ಯೂಕ್ ಮತ್ತು ಲೇಯಾ ಬೇರೆ ಗ್ರಹಕ್ಕೆ ಸಂಧಾನಕ್ಕೆಂದು ಹೊರಟವರು, ಲೇಯಾಳ ವೈ-ವಿಂಗ್ ಎಂಬ ಹಡಗು ಕೆಟ್ಟು ಇಲ್ಲಿ ಬೀಳುತ್ತಾರೆ. ಆರಂಭದಲ್ಲಿ ಫಾಸ್ಟರ್ ಒಂದು ಬಾಹ್ಯಾಕಾಶ ಕಾಳಗ ಬರೆದಿದ್ದರು, ಚಿತ್ರೀಕರಣಕ್ಕೆ ದುಬಾರಿ ಎಂದು ಲ್ಯೂಕಸ್ ತೆಗೆಸಿದರು. ಆದ್ದರಿಂದ ಈ ಕತೆಯಲ್ಲಿ ಹಡಗು ಹಾರುವುದಕ್ಕಿಂತ ಹೂತುಹೋಗುವುದೇ ಹೆಚ್ಚು. ಗಣಿ ಕಾರ್ಮಿಕರ ಪುಟ್ಟ ಊರು, ಅಲ್ಲಿನ ಹೆಂಡದಂಗಡಿ, ಜೈಲಿನ ಒಂದು ಕೋಣೆ, ನೆಲದಡಿಯ ಗುಹೆಗಳು, ಕೊನೆಗೆ ಒಂದು ಪಾಳು ಗುಡಿ. ಕೈಬೆರಳಲ್ಲಿ ಎಣಿಸಬಹುದಾದಷ್ಟು ಜಾಗ. ಮೊದಲ ಚಿತ್ರದ ಇನ್ನೊಬ್ಬ ನಾಯಕ ಹ್ಯಾನ್ ಸೋಲೊ ಇಲ್ಲದಿರುವುದಕ್ಕೂ ಕಾರಣ ಇಷ್ಟೇ: ಆ ಪಾತ್ರದ ನಟ ಹ್ಯಾರಿಸನ್ ಫೋರ್ಡ್ ಮುಂದಿನ ಚಿತ್ರಗಳಿಗೆ ಆಗಿನ್ನೂ ಸಹಿ ಹಾಕಿರಲಿಲ್ಲ. ‘ಹ್ಯಾನ್ ಇಲ್ಲದೆ ಕತೆ ಸಪ್ಪೆ’ ಎಂಬ ದೂರು ನ್ಯಾಯವಾದದ್ದೇ, ಆದರೆ ಅದನ್ನು ಲೇಖಕರ ಅಭಿರುಚಿಯ ಮೇಲೆ ಹೊರಿಸುವುದು ಸರಿಯಲ್ಲ.

ಈ ಕಟ್ಟುಪಾಡು ಪುಸ್ತಕಕ್ಕೆ ಒಳ್ಳೆಯದನ್ನೂ ಮಾಡಿದೆ. ಫಾಸ್ಟರ್ ಮೊದಲಿಂದಲೂ ಗ್ರಹಗಳ ಲೇಖಕ. ಅವರ ಸ್ವಂತ ಕಾದಂಬರಿಗಳಲ್ಲಿ ಮಂಜುಗಡ್ಡೆಯ ಲೋಕ, ಆಕಾಶದೆತ್ತರದ ಕಾಡಿನ ಲೋಕ ಎಂದು ಪರಿಸರವೇ ಮುಖ್ಯ ಪಾತ್ರ. ಮಿಂಬನ್‌ನ ಹಸಿ ನೆಲ, ಕಾಲೆಳೆಯುವ ಕೆಸರು, ನೆಲದಡಿಯ ಕತ್ತಲ ಸರೋವರ, ಅದನ್ನು ದಾಟುವ ದೃಶ್ಯ ಇವೆಲ್ಲ ಓದುಗನ ಮೈಗೆ ತಟ್ಟುವುದು ಅದೇ ಪಳಗಿದ ಕೈಯಿಂದ. ದೊಡ್ಡ ಕಾಳಗಗಳಿಲ್ಲದ್ದರಿಂದ ಇಬ್ಬರು ಮನುಷ್ಯರು, ಎರಡು ರೋಬಾಟ್‌ಗಳು, ಹಾಲಾ ಎಂಬ ಚತುರ ಮುದುಕಿ, ಹಿನ್ ಮತ್ತು ಕೀ ಎಂಬ ರೋಮಭರಿತ ದೈತ್ಯರು ಇಷ್ಟೇ ಜನರ ಮೇಲೆ ಕತೆ ನಿಲ್ಲಬೇಕಾಯಿತು. ಮೊದಲರ್ಧ ನಿಜಕ್ಕೂ ನಿಲ್ಲುತ್ತದೆ.

ಓದುಗರ ಜಗಳ ಬಿಸಿಯೇರುವುದು ಲ್ಯೂಕ್ ಮತ್ತು ಲೇಯಾ ನಡುವಿನ ಸೆಳೆತದ ಬಗ್ಗೆ. ಪುಸ್ತಕದುದ್ದಕ್ಕೂ ಲ್ಯೂಕ್ ಅವಳನ್ನು ಪ್ರೇಮದ ಕಣ್ಣಿಂದ ನೋಡುತ್ತಾನೆ. 1983ರ ‘ರಿಟರ್ನ್ ಆಫ್ ದ ಜೆಡೈ’ ಇಬ್ಬರನ್ನೂ ಒಡಹುಟ್ಟಿದವರೆಂದು ಹೇಳಿತು. ಆಮೇಲೆ ಓದುವವರಿಗೆ ಇದು ಇರುಸುಮುರುಸಾಗುವುದು ಸಹಜ. ಆದರೆ 1978ರ ಪುಸ್ತಕದ ಮೇಲೆ 1983ರ ಸಂಬಂಧ ಹೇರಿ ‘ತಪ್ಪು’ ಎನ್ನುವುದು ವಿಮರ್ಶೆಯಲ್ಲ. ಇಂಥ ಇರುಸುಮುರುಸು ಓದುಗನದು, ಪಠ್ಯದ್ದಲ್ಲ. ಮುಜುಗರ ತಡೆಯಲಾಗದವರು ಬೇರೆ ಪುಸ್ತಕ ಆರಿಸಿಕೊಳ್ಳಲಿ, ಅದರಲ್ಲೇನೂ ತಪ್ಪಿಲ್ಲ.

ಹೆಂಡದಂಗಡಿಯ ಕಪಾಳಮೋಕ್ಷ ಬೇರೆ ವಿಷಯ. ಇಬ್ಬರೂ ಗಣಿಯವರ ವೇಷದಲ್ಲಿದ್ದಾರೆ, ಲೇಯಾಳನ್ನು ಲ್ಯೂಕ್‌ನ ಸೇವಕಿ ಎಂದು ನಂಬಿಸಬೇಕು. ಅವಳು ಸಿಡುಕಿದಾಗ ಆತ ಹೊಡೆಯುತ್ತಾನೆ. ಗುಟ್ಟು ಉಳಿಸಲು ಮಾಡಿದ ನಾಟಕ ಎಂಬ ಸಮರ್ಥನೆ ಕತೆಯೊಳಗೇ ಇದೆ, ಹಲವರು ಅದನ್ನು ಒಪ್ಪುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಮುಂದೆ ಬಂದ ಚಿತ್ರಗಳ ಗೊಡವೆ ಬೇಕಿಲ್ಲ. ಮೊದಲ ಚಿತ್ರದ ಲೇಯಾಳನ್ನೇ ಪಕ್ಕದಲ್ಲಿಟ್ಟು ನೋಡಿದರೂ ಸಾಕು. ಸೆರೆಮನೆಯಿಂದ ಬಿಡಿಸಲು ಬಂದವರ ಕೈಯಿಂದ ಬಂದೂಕು ಕಿತ್ತು ದಾರಿ ಮಾಡಿಕೊಟ್ಟವಳು ಅವಳು. ಇಂಥವಳನ್ನು ಸುಮ್ಮನಿರಿಸಲು ಲೇಖಕರಿಗೆ ಬೇರೆ ಉಪಾಯ ಹೊಳೆಯಲಿಲ್ಲವೆಂಬುದು ಬರವಣಿಗೆಯ ಸೋಲು. ಅದೇ ಪುಸ್ತಕದಲ್ಲಿ, ಶತ್ರು ಸಾಮ್ರಾಜ್ಯದ ವಿಚಾರಣೆಯ ನೆನಪಿಗೇ ಲೇಯಾ ನಡುಗುವ ಭಾಗ ಇದೆ. ಸಾಮ್ರಾಜ್ಯದ ದೈತ್ಯ ಯುದ್ಧನೆಲೆ ಡೆತ್ ಸ್ಟಾರ್‌ನಲ್ಲಿ ಅವಳ ಮೇಲೆ ಏನು ನಡೆಯಿತು ಎಂಬುದನ್ನು ಚಿತ್ರ ಬಾಗಿಲು ಮುಚ್ಚಿ ದಾಟಿಸಿತ್ತು. ಆ ಗಾಯ ಇನ್ನೂ ಹಸಿಯಾಗಿದೆ ಎಂದು ಬರೆದದ್ದು ಈ ಕಾದಂಬರಿ. ಅಷ್ಟು ಸೂಕ್ಷ್ಮ ಬರೆದ ಕೈಯೇ ಆ ಹೊಡೆತವನ್ನೂ ಬರೆಯಿತು ಎಂಬುದರಿಂದ ನೋವು ಇನ್ನೂ ಹೆಚ್ಚು.

ಕೊನೆಯ ಭಾಗಕ್ಕೆ ಬಂದರೆ ಅಭಿಪ್ರಾಯಗಳು ಮತ್ತೆ ಅಡ್ಡಡ್ಡ ಹರಿಯುತ್ತವೆ. ಪೊಮೊಜೆಮಾ ಗುಡಿಯಲ್ಲಿ ಬಂಡೆಯಡಿ ಲ್ಯೂಕ್‌ನ ಕಾಲು ಸಿಕ್ಕಿಕೊಂಡಿದೆ. ಲೇಯಾ ಅವನ ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿ ಎತ್ತಿಕೊಂಡು ವೇಡರ್‌ನ ಎದುರು ನಿಲ್ಲುತ್ತಾಳೆ, ಗಾಯಗೊಂಡರೂ ಹಿಂದೆ ಸರಿಯುವುದಿಲ್ಲ. ಮೊದಲ ಮೂರು ಚಿತ್ರಗಳಲ್ಲಿ ಅವಳ ಕೈಗೆ ಆ ಆಯುಧ ಬರಲೇ ಇಲ್ಲ. ಹೀಗಾಗಿ ಹೊಡೆತದ ದೃಶ್ಯಕ್ಕೆ ಸಿಟ್ಟಾದ ಓದುಗರೇ ಈ ಪುಟಗಳನ್ನು ಎದೆಗವಚಿಕೊಳ್ಳುವುದುಂಟು. ಪುಸ್ತಕದ ಅತ್ಯುತ್ತಮ ಪುಟಗಳು ಇವೇ ಎಂದು ನನ್ನ ಖಚಿತ ಮಾತು.

ಅದರ ಬೆನ್ನಿಗೇ ಅತಿ ದುರ್ಬಲ ಪುಟಗಳಿವೆ. ಹಿನ್ ಸಾಯುವ ಮುನ್ನ ಬಂಡೆ ಸರಿಸಿ ಲ್ಯೂಕ್‌ನನ್ನು ಬಿಡಿಸುತ್ತಾನೆ. ಲ್ಯೂಕ್ ಎದ್ದು, ಮೊದಲ ಚಿತ್ರದಲ್ಲಿ ಸತ್ತ ತನ್ನ ಗುರು ಬೆನ್ ಕೆನೋಬಿಯೇ ತನ್ನೊಳಗೆ ಇಳಿದು ಬಂದವನಂತೆ ಕಾದಾಡಿ, ವೇಡರ್‌ನ ತೋಳು ಕತ್ತರಿಸುತ್ತಾನೆ. ವೇಡರ್ ಶಕ್ತಿಯ ಉಂಡೆಯನ್ನು ಕೈಯಿಂದ ಎಸೆಯುತ್ತಾನೆ, ಕೊನೆಗೆ ಕಾಲು ತಪ್ಪಿ ಹಳ್ಳಕ್ಕೆ ಬೀಳುತ್ತಾನೆ. ‘ವೇಡರ್ ಹೀಗೆ ಸೋಲುವವನಲ್ಲ’ ಎಂದು, ವೇಡರ್‌ನೇ ಲ್ಯೂಕ್‌ನ ತಂದೆ ಎಂದು ಹೇಳಿದ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರವನ್ನು ಮುಂದಿಟ್ಟು ವಾದಿಸುವವರಿಗೆ ಹಿಂದಿನ ಉತ್ತರವೇ ಸಾಕು: ಆಗ ವೇಡರ್ ಲ್ಯೂಕ್‌ನ ತಂದೆಯಲ್ಲ, ತಂದೆಯನ್ನು ಕೊಂದವ. ಸೇಡು ಸರಳ, ಕಾಳಗವೂ ಸರಳ. ನಿಜವಾದ ತೊಂದರೆ ಬೇರೆ. ಲ್ಯೂಕ್ ಗೆಲ್ಲುವುದಕ್ಕೆ ಬೇಕಾದ ತಯಾರಿಯನ್ನು ಹಿಂದಿನ ಅಧ್ಯಾಯಗಳು ಕಟ್ಟಿಕೊಟ್ಟಿಲ್ಲ. ಕೆಸರಿನಲ್ಲಿ ಒದ್ದಾಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಗುರುವಿನ ಬಲ ಬರುತ್ತದೆ. ಗುಡಿಯಲ್ಲಿರುವ ಒಂದು ಸ್ಫಟಿಕ ಫೋರ್ಸ್ ಎಂಬ ಅಗೋಚರ ಶಕ್ತಿಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ ಎಂಬ ನಿಯಮ ಮೊದಲೇ ಇದೆ, ಆದರೆ ಗೆಲುವಿಗೆ ಅದನ್ನು ಬಿಗಿಯಾಗಿ ಜೋಡಿಸಿಲ್ಲ. ಅದು ಕೆಲಸಕ್ಕೆ ಬರುವುದು ಆಮೇಲೆ, ಗಾಯ ವಾಸಿ ಮಾಡುವಾಗ.

ಆ ಸ್ಫಟಿಕದ ಹೆಸರು ಕೈಬರ್. ಇದನ್ನು ಫಾಸ್ಟರ್ ಗಾಳಿಯಿಂದ ಹಿಡಿದದ್ದಲ್ಲ. ಲ್ಯೂಕಸ್‌ರ ಮೊದಲ ಚಿತ್ರದ ಹಳೆಯ ಕರಡಿನಲ್ಲಿ ಇಂಥ ಸ್ಫಟಿಕವಿತ್ತು, ಕೊನೆಯ ಚಿತ್ರಕತೆಯಿಂದ ಬಿದ್ದುಹೋಗಿತ್ತು. 2016ರ ಸ್ಟಾರ್ ವಾರ್ಸ್ ಚಿತ್ರ ‘ರೋಗ್ ಒನ್’ನಲ್ಲಿ ಅದೇ ಹೆಸರಿನ ಹರಳುಗಳು ಡೆತ್ ಸ್ಟಾರ್‌ನ ಆಯುಧಕ್ಕೆ ಬಲ ಕೊಡುತ್ತವೆ. 2018ರ ‘ಸೋಲೊ’ ಚಿತ್ರದಲ್ಲಿ ಮಿಂಬನ್ ಸ್ವತಃ ತೆರೆಗೆ ಬಂತು: ಅದೇ ಕೆಸರು, ಅದೇ ಮಂಜು, ಕಂದಕದಲ್ಲಿ ಯುದ್ಧ. 2014ರ ಏಪ್ರಿಲ್‌ನಲ್ಲಿ ಹಳೆಯ ಕಾದಂಬರಿಗಳನ್ನೆಲ್ಲ ‘ಲೆಜೆಂಡ್ಸ್’ ಎಂಬ ಬೇರೆ ಸಾಲಿಗೆ ಸರಿಸಿದಾಗ ಇದೂ ಅಧಿಕೃತ ಕತೆಯಿಂದ ಹೊರಬಿತ್ತು. ಆದರೂ ಇದರ ಚೂರುಗಳು ಒಳಗೆ ಸೇರಿಕೊಂಡಿವೆ. ‘ಲೆಕ್ಕಕ್ಕಿಲ್ಲದ ಪುಸ್ತಕ’ ಎನ್ನುವವರು ಇದನ್ನು ಮರೆಯುತ್ತಾರೆ.

ಹೊಸದಾಗಿ ಓದುವವರಿಗೆ ಕ್ರಮ ಹೀಗಿರಲಿ. 1977ರ ಚಿತ್ರವನ್ನು ಮೊದಲು ನೋಡಿ, ನಡುವೆ ಬೇರೆ ಯಾವ ಚಿತ್ರವನ್ನೂ ನೋಡದೆ ಪುಸ್ತಕ ಹಿಡಿಯಿರಿ. ಎಲ್ಲ ಚಿತ್ರಗಳನ್ನು ಆಗಲೇ ನೋಡಿದ್ದರೆ, ಅಪ್ಪ-ಮಗ, ಅಣ್ಣ-ತಂಗಿ ಎಂಬ ಎರಡು ಸಂಗತಿಗಳನ್ನು ಬೇಕೆಂದೇ ಬದಿಗಿಡಿ. ಸುಮಾರು 200 ಪುಟ, ಎರಡು ಮೂರು ಸಂಜೆಯ ಓದು. ಇದೇ ಲೋಕದ, ಟಿಮೊತಿ ಝಾನ್‌ರ 1991-93ರ ತ್ರಾನ್ ಕಾದಂಬರಿಗಳನ್ನು ಮೊದಲು ಓದಿ ಇದಕ್ಕೆ ಬಂದವರು ಸಾಮಾನ್ಯವಾಗಿ ನಿರಾಶರಾಗುತ್ತಾರೆ. ಅಲ್ಲಿ ರಾಜಕೀಯ, ಸೇನಾತಂತ್ರ, ಹಲವು ಗ್ರಹಗಳು. ಇಲ್ಲಿ ಒಂದೇ ಗ್ರಹ, ಒಂದೇ ಓಟ. ಹಾಗಾಗಿ ಇದು ಮೊದಲು, ಅವು ನಂತರ. ಇಂಗ್ಲಿಷ್ ಪುಟಗಳು ಭಾರವೆನಿಸಿದರೆ ಟೆರಿ ಆಸ್ಟಿನ್ ಬರೆದು ಕ್ರಿಸ್ ಸ್ಪ್ರೌಸ್ ಚಿತ್ರಿಸಿದ ನಾಲ್ಕು ಸಂಚಿಕೆಗಳ ಕಾಮಿಕ್ಸ್ ಇದೆ, ಡಾರ್ಕ್ ಹಾರ್ಸ್ 1995-96ರಲ್ಲಿ ತಂದದ್ದು. ಆದರೆ ಹಳೆಯ ಪ್ರತಿ ಸಿಕ್ಕರೆ ಬಿಡಬೇಡಿ. ಅದರ ಮುಖಪುಟ ರಾಲ್ಫ್ ಮೆಕ್‌ಕ್ವಾರಿಯವರದು, ವೇಡರ್‌ನ ಮುಖವಾಡಕ್ಕೆ ಮೊದಲ ರೂಪ ಬರೆದ ಕೈ ಅದು.